ಓಟದ ನಾಯಿ ಹೆಜ್ಜೆ ಎತ್ತದಿದ್ದರೆ: ಕರಾವಳಿಯ ಗ್ರೇಹೌಂಡ್ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ರೇಸಿನಿಂದ ನಿವೃತ್ತಿಯಾದ ಗ್ರೇಹೌಂಡ್ ತಂದು ಸಾಕಿದವರ ದೂರು ಹೆಚ್ಚಾಗಿ ಒಂದೇ. "ನಡೀತಾ ಇಲ್ಲ ಮಾರಾಯ್ರೆ. ನಿಂತಲ್ಲೇ ಕಂಬ." ಗಂಟೆಗೆ 60ರಿಂದ 70 ಕಿ.ಮೀ. ವೇಗದಲ್ಲಿ ಓಡುವ ಜಾತಿ ಅದು. ಗೇಟಿನ ಹೊರಗೆ ಹತ್ತು ಹೆಜ್ಜೆ ಇಡಲು ಒಲ್ಲೆ ಅಂದರೆ ಯಾರಿಗಾದರೂ ತಲೆ ಕೆಡುತ್ತದೆ. ಮನೆಯವರು ಹಗ್ಗ ಎಳೆಯುತ್ತಾರೆ. ಪಕ್ಕದ ಮನೆಯ ಅಕ್ಕ "ಹೊಟ್ಟೆಗೆ ಸರಿ ಹಾಕುದಿಲ್ವಾ? ಎಲುಬು ಕಾಣ್ತದಲ್ಲ" ಅನ್ನುತ್ತಾರೆ. ಮೂರನೆಯವರು ದೂರದಿಂದಲೇ ನೋಡಿ "ಉಣ್ಣಿ ಜ್ವರವೇ" ಎಂದು ತೀರ್ಪು ಕೊಡುತ್ತಾರೆ.

ಎಲುಬಿನ ವಿಷಯ ಮೊದಲೇ ಮುಗಿಸೋಣ. ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು ಗ್ರೇಹೌಂಡ್‌ಗೆ ಸರಿಯಾದ ತೂಕ. ಹೆಣ್ಣು ಸುಮಾರು 27 ಕೆಜಿ, ಗಂಡು 30ರ ಮೇಲೆ. ಪಕ್ಕೆಲುಬು ಪೂರ್ತಿ ಮುಚ್ಚುವಷ್ಟು ತಿನ್ನಿಸಿದರೆ ಆ ಸಪೂರ ಕಾಲಿನ ಮೇಲೆ ಸುಮ್ನೆ ಭಾರ ಹೇರಿದ ಹಾಗೆ.

ಉಳಿದದ್ದು ಅಷ್ಟು ಸುಲಭ ಅಲ್ಲ. ನಡೆಯದಿರುವುದು ಒಂದೇ ದೋಷ, ಕಾರಣ ಹತ್ತಾರು. ನಾನು ಹೊರಗಿನಿಂದ ಒಳಗೆ ಹುಡುಕುತ್ತೇನೆ. ಮೊದಲು ನೆಲ, ಆಮೇಲೆ ಪಾದ, ಆಮೇಲೆ ಕಾಲು, ಕೊನೆಗೆ ರಕ್ತ. ನಮ್ಮ ಬಿಜ್ಲಿ ಪಂಜಾಬಿನ ಕಡೆಯಿಂದ ಬಂದವಳು. ಐರ್ಲೆಂಡ್, ಬ್ರಿಟನ್, ಆಸ್ಟ್ರೇಲಿಯಾಗಳ ಹಾಗೆ ಬಾಜಿ ಕಟ್ಟುವ ದೊಡ್ಡ ಟ್ರ್ಯಾಕು ನಮ್ಮ ದೇಶದಲ್ಲಿಲ್ಲ. ಉತ್ತರದ ಹಳ್ಳಿಗಳಲ್ಲಿ ಓಡಿಸುತ್ತಾರೆ, ಓಟ ನಿಂತ ಮೇಲೆ ಬಿಟ್ಟುಬಿಡುತ್ತಾರೆ. ಎಲ್ಲಿಂದ ಬಂದರೂ ಮಂಗಳೂರು, ಉಡುಪಿಯ ಮನೆಗೆ ಕಾಲಿಟ್ಟಾಗ ಅವು ಎದುರಿಸುವ ತೊಂದರೆ ಹೆಚ್ಚು ಕಡಿಮೆ ಒಂದೇ: ನುಣುಪು ನೆಲ, ಸೆಕೆ, ಮಳೆ, ಉಣ್ಣಿ, ಜಾತ್ರೆಯ ಸಿಡಿಮದ್ದಾದ ಗರ್ನಾಲಿನ ಸದ್ದು.

ಹುಡುಕುವ ಮೊದಲು: ಕಾಯಬಾರದ ಸಂಗತಿಗಳು

ಕಾಲು ನೇತಾಡುತ್ತಿದೆ, ನೆಲಕ್ಕೆ ಮುಟ್ಟಿಸುತ್ತಲೇ ಇಲ್ಲ. ಮೂಳೆ ಮುರಿದಿದೆ ಎಂದೇ ಅಂದುಕೊಂಡು ಹೊರಡಿ. ಹೊಟ್ಟೆ ಉಬ್ಬಿದೆ, ವಾಂತಿಗೆ ಹೆಣಗುತ್ತಿದೆ, ಏನೂ ಬರುತ್ತಿಲ್ಲ. ಹೊಟ್ಟೆ ತಿರುಚಿಕೊಂಡಿರಬಹುದು, ಗಂಟೆಗಳಲ್ಲಿ ಜೀವ ಹೋಗುತ್ತದೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದೆ. ಅಭ್ಯಾಸ ತಪ್ಪಿದ ನಾಯಿ ಜೋರು ಓಡಿ ಸ್ನಾಯು ಹಾಳು ಮಾಡಿಕೊಂಡರೂ ಹೀಗಾಗುತ್ತದೆ, ಉಣ್ಣಿಯಿಂದ ಹರಡುವ ಬೇಬಿಸಿಯಾದಲ್ಲೂ ಆಗುತ್ತದೆ, ಇಲಿ ಜ್ವರದಲ್ಲೂ ಆಗುತ್ತದೆ. ಮೂರರಲ್ಲಿ ಯಾವುದೂ ಮನೆಯಲ್ಲಿ ಕುಳಿತು ನೋಡುವ ಕಾಯಿಲೆ ಅಲ್ಲ.

ಇನ್ನು ಸೆಕೆ. ನಾಯಿ ಮೈ ತಣಿಸಿಕೊಳ್ಳುವುದು ಹೆಚ್ಚಾಗಿ ತೇಕಿ. ನಾಲಿಗೆಯ ನೀರು ಆವಿಯಾದರೆ ಮಾತ್ರ ಶಾಖ ಹೊರಗೆ ಹೋಗುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ, ಆವಿಯಾಗಲು ಜಾಗವೇ ಇಲ್ಲ. ಹಾಗಾಗಿ ಇಲ್ಲಿಯ 34 ಡಿಗ್ರಿ, ಬಯಲುಸೀಮೆಯ 38ಕ್ಕಿಂತ ನಾಯಿಗೆ ಕಷ್ಟ. ಮೈಯಲ್ಲಿ ಸ್ನಾಯುವೇ ಜಾಸ್ತಿ ಇರುವ ಗ್ರೇಹೌಂಡ್ ಸ್ವಲ್ಪ ಓಡಿದರೂ ಬಿಸಿ ಏರುತ್ತದೆ. ನಾಯಿಯ ಸಾಮಾನ್ಯ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಸುಮ್ನೆ ಮಲಗಿದ್ದಾಗಲೇ 40 ದಾಟಿದರೆ, ತೇಕು ನಿಲ್ಲದಿದ್ದರೆ, ಕಾಲು ತಡವರಿಸಿದರೆ ಬಾವಿಕಟ್ಟೆಗೆ ಕರೆದೊಯ್ದು ನೀರು ಸುರಿಯಿರಿ, ಗಾಳಿ ಹಾಕಿ, ಆಮೇಲೆ ಗಾಡಿ ಹತ್ತಿಸಿ. ಮೊದಲು ತಣಿಸುವುದು, ಆಮೇಲೆ ಆಸ್ಪತ್ರೆ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ. ಅದು ಸ್ವಲ್ಪ ಹೊತ್ತಿನಲ್ಲಿ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ.

ಎರಡು ಪ್ರಶ್ನೆ

ತುರ್ತು ಇಲ್ಲ ಎಂದಾದರೆ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಯಾವ ನೆಲದ ಮೇಲೆ ನಿಲ್ಲುತ್ತದೆ? ಯಾವ ದಿಕ್ಕಿಗೆ ಹೋಗುವಾಗ ನಿಲ್ಲುತ್ತದೆ?

ಮನೆಯೊಳಗೆ ನಿಲ್ಲುತ್ತದೆ, ಅಂಗಳದ ಮಣ್ಣಿನಲ್ಲಿ ಆರಾಮ ಓಡಾಡುತ್ತದೆ ಅಂದರೆ ದೋಷ ನೆಲದ್ದು. ಡಾಂಬರು ರಸ್ತೆಯಲ್ಲಿ ಕುಂಟುತ್ತದೆ, ಪಣಂಬೂರಿನ ಮರಳಿನಲ್ಲಿ ಕುಂಟುವುದಿಲ್ಲ ಅಂದರೆ ಪಾದದ ಅಡಿ ನೋಡಿ. ಮನೆಯಿಂದ ಹೊರಗೆ ಹೋಗುವಾಗ ಕಂಬ, ಮನೆ ಕಡೆ ತಿರುಗಿಸಿದರೆ ಟಕಟಕ ಹೆಜ್ಜೆ ಅಂದರೆ ನೋವಲ್ಲ, ಹೆದರಿಕೆ. ಎಲ್ಲ ನೆಲದಲ್ಲೂ, ಎರಡೂ ದಿಕ್ಕಿಗೂ, ಊಟದ ತಟ್ಟೆಯ ಕಡೆಗೂ ಒಂದೇ ಥರ ನಿಧಾನ ಅಂದರೆ ಮೈಯೊಳಗೆ ಏನೋ ಇದೆ.

ಎರಡು ದಿನ ಗಮನಿಸಿದರೆ ಉತ್ತರ ಸಿಗುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡಿಡಿ, ಗಟ್ಟಿ ನೆಲದಲ್ಲಿ ಒಂದು, ಮೆತ್ತನೆ ನೆಲದಲ್ಲಿ ಒಂದು. ಆಸ್ಪತ್ರೆಯ ಮೇಜಿನ ಎದುರು ಯಾವ ನಾಯಿಯೂ ಮನೆಯಲ್ಲಿ ಕುಂಟಿದ ಹಾಗೆ ಕುಂಟುವುದಿಲ್ಲ.

ಒಂದು ಎಚ್ಚರಿಕೆ. ಕೂಗಿನ ಜೋರು ನೋಡಿ ನೋವು ಅಳೆಯಬೇಡಿ. ಬೆರಳಿಗೆ ನಾಚಿಕೆ ಮುಳ್ಳು ಚುಚ್ಚಿದರೆ ಇಡೀ ಓಣಿ ಹೊರಗೆ ಬರುವ ಹಾಗೆ ಕಿರುಚುವ ಗ್ರೇಹೌಂಡ್, ಮೂಳೆಯ ಕಾಯಿಲೆಯನ್ನು ತಿಂಗಳುಗಟ್ಟಲೆ ಸದ್ದಿಲ್ಲದೆ ಹೊತ್ತುಕೊಂಡಿರುತ್ತದೆ.

ನೆಲ

ಓಟದ ನಾಯಿ ಬೆಳೆದದ್ದು ಕೊಟ್ಟಿಗೆಯಲ್ಲಿ, ಓಡಿದ್ದು ಮರಳು, ಮಣ್ಣಿನ ಮೇಲೆ. ಕನ್ನಡಿಯಂಥ ವಿಟ್ರಿಫೈಡ್ ಟೈಲ್ಸ್ ಅದು ಕಂಡೇ ಇಲ್ಲ. ಹಳೆಯ ಮನೆಗಳ ಕೆಂಪು ಕಾವಿ ನೆಲವೂ ಅಷ್ಟೇ ನುಣುಪು. ಮಳೆಗಾಲದಲ್ಲಿ ನೆಲ ಬೆವರುತ್ತದಲ್ಲ, ಆಗ ಇನ್ನೂ ಕಷ್ಟ. ಒಮ್ಮೆ ಹಿಂಗಾಲು ಜಾರಿ ಎರಡು ಕಡೆ ಹರಡಿತು ಅಂದರೆ ಮುಗಿಯಿತು, ಆ ಕೋಣೆಗೆ ಮತ್ತೆ ಕಾಲಿಡುವುದಿಲ್ಲ. ಬಾಗಿಲ ಹೊಸ್ತಿಲಲ್ಲಿ ನಿಂತು ಬೆರಳುಗಳನ್ನು ಒಳಗೆ ಮಡಚಿ, ಉಗುರು ಊರಿ ಮೈ ಗಟ್ಟಿ ಮಾಡುತ್ತದೆ. ಉಗುರು ಊರಿದಷ್ಟೂ ಜಾರುವುದು ಜಾಸ್ತಿ. ಅದಕ್ಕೆ ಅದು ಹೇಗೆ ಗೊತ್ತಾಗಬೇಕು?

ಪರೀಕ್ಷೆ ಸುಲಭ. ಅದು ನಿಂತಲ್ಲಿಂದ ನೀವು ಕೂತಲ್ಲಿಯವರೆಗೆ ಗೋಣಿಚೀಲ ಹಾಸಿ. ಗೋಣಿಯ ಮೇಲೆ ನಡೆದು ಬಂದು, ಗೋಣಿ ಮುಗಿದಲ್ಲಿ ನಿಂತರೆ ಇನ್ನೇನೂ ಹುಡುಕಬೇಕಾಗಿಲ್ಲ. ಅಡಿಯಲ್ಲಿ ರಬ್ಬರ್ ಇರುವ ಮ್ಯಾಟು, ಯೋಗ ಮ್ಯಾಟು, ನಾರಿನ ಚಾಪೆ ಯಾವುದಾದರೂ ಆದೀತು, ಆದರೆ ಅದು ತಾನೇ ಜಾರಬಾರದು. ಮಲಗುವ ಜಾಗ, ಊಟದ ತಟ್ಟೆ, ಹೊರಬಾಗಿಲು ಇವು ಮೂರನ್ನೂ ಸೇರಿಸುವ ದಾರಿ ಹಾಸಿದರೆ ಸಾಕು. ಇಡೀ ಮನೆಗೆ ಬೇಡ. ಉಗುರನ್ನು ಗಿಡ್ಡ ಇಡಿ. ಟೈಲ್ಸ್ ಮೇಲೆ ನಡೆಯುವಾಗ ಟಿಕ್ ಟಿಕ್ ಸದ್ದು ಬಂತು ಅಂದರೆ ಉಗುರು ಉದ್ದ ಆಯಿತು ಎಂದೇ ಅರ್ಥ.

ಅಂಗಳದಲ್ಲಿ ಜೂನ್ ಕಳೆದ ಮೇಲೆ ಹಾವಸೆ ಹಿಡಿಯುತ್ತದೆ. ನಮ್ಮ ಅಜ್ಜಿಯಂದಿರು ಜಾರದಿರಲಿ ಎಂದು ಅಡಿಕೆ ಸೋಗೆ, ಸೀಳಿದ ಅಡಿಕೆ ಮರ ಹಾಸುತ್ತಿದ್ದರಲ್ಲ, ಅದು ನಾಯಿಗೂ ಸರಿಯೇ. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದರೆ ಚೆನ್ನಾಗಿ ನೀರು ಹೊಡೆದು ತೊಳೆದ ಮೇಲೆಯೇ ನಾಯಿ ಬಿಡಿ. ಪಾದ ಉರಿದರೆ ನೆಕ್ಕುತ್ತದೆ, ನೆಕ್ಕಿದರೆ ಬಾಯಿಯೂ ಉರಿಯುತ್ತದೆ.

ಮೆಟ್ಟಿಲಿನದ್ದು ಬೇರೆ ಕಥೆ. ಬಹಳಷ್ಟು ಓಟದ ನಾಯಿಗಳು ಜೀವಮಾನದಲ್ಲಿ ಮೆಟ್ಟಿಲು ಹತ್ತಿರುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇದ್ದರೂ ಕರೆಂಟು ಹೋದಾಗ ಬೇಕೇ ಬೇಕು. ಇಬ್ಬರು ಬೇಕು, ಒಬ್ಬರು ಎದುರು ಬೆಲ್ಟ್ ಹಿಡಿಯಲು, ಒಬ್ಬರು ಹಿಂದೆ ನಿಂತು ಒಂದೊಂದೇ ಪಾದ ಎತ್ತಿಡಲು. ಮೊದಲ ದಿನ ಮೂರು ಮೆಟ್ಟಿಲು ಸಾಕು. ಹತ್ತಲು ಬೇಗ ಕಲಿಯುತ್ತದೆ, ಇಳಿಯಲು ತಡ. ಮೇಲಿನಿಂದ ಒಂದೇ ನೆಗೆತಕ್ಕೆ ಇಳಿದುಬಿಡುವ ಯೋಚನೆ ಅದರ ಕಣ್ಣಲ್ಲಿ ಕಾಣುತ್ತದೆ, ಆಗ ಬೆಲ್ಟ್ ಬಿಡಬೇಡಿ. ಎತ್ತಲೇಬೇಕಾದರೆ ಒಂದು ಕೈ ಎದೆಯ ಮುಂದೆ, ಇನ್ನೊಂದು ತೊಡೆಯ ಹಿಂದೆ ಹಾಕಿ ಎತ್ತಿ, ಹೊಟ್ಟೆಯ ಅಡಿಗೆ ಕೈ ಬೇಡ.

ಪಾದ

ಗಟ್ಟಿ ನೆಲದಲ್ಲಿ ಕುಂಟು, ಮರಳಿನಲ್ಲಿ ಸರಿ. ಹೀಗಿದ್ದರೆ ನಾಯಿಯನ್ನು ಬೆಳಕಿರುವ ಜಗಲಿಯಲ್ಲಿ ಮಲಗಿಸಿ, ಪಾದ ಮೇಲೆ ಮಾಡಿ. ಅಡಿ ಒದ್ದೆ ಬಟ್ಟೆಯಿಂದ ಒರೆಸಿ, ಒದ್ದೆಯಾದ ಮೇಲೆಯೇ ಕಾಣುವ ಸಂಗತಿಗಳಿವೆ.

ಮೊದಲು ಬೆರಳ ಸಂದು. ಮುರಕಲ್ಲಿನ ಚೂರು, ನಾಚಿಕೆ ಮುಳ್ಳು, ಮಲ್ಪೆ ಕಡೆ ತಿರುಗಾಡಿದ್ದರೆ ಚಿಪ್ಪಿನ ಗೀರು. ಉಣ್ಣಿ ಕೂರುವುದೂ ಇಲ್ಲೇ. ಬೆರಳ ಸಂದಿನಲ್ಲಿ ಒಂದು ದಪ್ಪ ಉಣ್ಣಿ ಇದ್ದರೆ ಸಾಕು, ನಾಯಿ ಕಾಲು ಎತ್ತಿ ಎತ್ತಿ ಇಡುತ್ತದೆ. ಏಪ್ರಿಲ್ ಮಧ್ಯಾಹ್ನ ಇಂಟರ್‌ಲಾಕ್ ಮೇಲೆ ನಡೆದಿದ್ದರೆ ಅಡಿಯ ಚರ್ಮ ಸುಟ್ಟು ಪೊರೆ ಎದ್ದಿರಬಹುದು. ನಿಮ್ಮ ಅಂಗೈಯ ಹಿಂಭಾಗ ಐದಾರು ಸೆಕೆಂಡು ಇಡಲಾಗದ ನೆಲ ನಾಯಿಗೂ ಆಗದು. ಏಪ್ರಿಲ್, ಮೇ ಎರಡೂ ತಿಂಗಳು ಬೆಳಿಗ್ಗೆ ಏಳರ ಒಳಗೆ, ರಾತ್ರಿ ಏಳರ ಮೇಲೆ ಮಾತ್ರ ವಾಕಿಂಗ್.

ಇವು ಯಾವುದೂ ಇಲ್ಲ ಅಂದರೆ ಆಣಿ ಹುಡುಕಿ. ನಮ್ಮ ಕಾಲಿಗೆ ಆಗುವ ಆಣಿಯ ಥರವೇ ಗ್ರೇಹೌಂಡ್ ಪಾದಕ್ಕೂ ಆಗುತ್ತದೆ. ಬೇರೆ ಜಾತಿಗಳಲ್ಲಿ ಇದು ಅಪರೂಪ, ಆದ್ದರಿಂದ ಗ್ರೇಹೌಂಡ್ ನೋಡಿ ಅಭ್ಯಾಸವಿಲ್ಲದ ವೈದ್ಯರ ಕಣ್ಣಿಗೆ ತಪ್ಪಿಹೋಗಬಹುದು. ಹೆಚ್ಚಾಗಿ ಮುಂಗಾಲಿನ ನಡುವಿನ ಎರಡು ಬೆರಳುಗಳ ಮೆತ್ತೆಯ ಮೇಲೆ ಇರುತ್ತದೆ. ಕಪ್ಪು ಮೆತ್ತೆಯ ನಡುವೆ ಉರುಟಾದ, ಬಿಳಿಚಿದ, ಗಟ್ಟಿ ಕಲೆ. ಒದ್ದೆ ಮಾಡಿದಾಗ ಅಂಚು ಎದ್ದು ಕಾಣುತ್ತದೆ. ಮೇಲಿನಿಂದ ಕಾಣುವುದು ಮೊಳೆಯ ತಲೆ ಮಾತ್ರ, ಗಟ್ಟಿ ಭಾಗ ಒಳಗೆ ಇಳಿದಿರುತ್ತದೆ. ಹೆಬ್ಬೆರಳಿನಿಂದ ನೇರ ಒತ್ತಿ, ನಂತರ ಎರಡು ಬದಿಯಿಂದ ಚಿವುಟಿದ ಹಾಗೆ ಒತ್ತಿ. ಕಾಲು ಕಿತ್ತುಕೊಂಡರೆ ಅದೇ.

ಬ್ಲೇಡು ಹಿಡಿದು ಮನೆಯಲ್ಲಿ ಕೆತ್ತಬೇಡಿ. ಮನುಷ್ಯರ ಆಣಿ ಪಟ್ಟಿಯನ್ನೂ ಅಂಟಿಸಬೇಡಿ. ಅದರಲ್ಲಿರುವ ಸ್ಯಾಲಿಸಿಲಿಕ್ ಆಸಿಡ್ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ, ನಾಯಿ ನೆಕ್ಕಿ ಹೊಟ್ಟೆಗೂ ಹೋಗುತ್ತದೆ. ವೈದ್ಯರು ಒಳಗಿನ ಮೊಳೆಯನ್ನು ಬಿಡಿಸಿ ತೆಗೆಯುತ್ತಾರೆ, ತಕ್ಷಣ ಹಗುರ ಆಗುತ್ತದೆ. ಆದರೆ ಆಣಿ ಮತ್ತೆ ಬೆಳೆಯುತ್ತದೆ, ಆಗಾಗ ತೆಗೆಸುತ್ತಿರಬೇಕು. ನಡುವೆ ಮೆತ್ತೆಯನ್ನು ಮೃದು ಇಡಿ, ರಸ್ತೆಗೆ ಹೋಗುವಾಗ ದಪ್ಪ ಅಡಿಯ ನಾಯಿ ಶೂ ಹಾಕಿ, ಆದಷ್ಟು ಮಣ್ಣಿನ ದಾರಿ ಹಿಡಿಯಿರಿ. ಬಿಜ್ಲಿ ಶೂ ಹಾಕಿದ ಮೊದಲ ದಿನ ಯಕ್ಷಗಾನದ ಪ್ರವೇಶದ ಹಾಗೆ ಒಂದೊಂದೇ ಕಾಲು ಎತ್ತಿ ಎತ್ತಿ ಇಟ್ಟಳು. ಅದು ದೋಷ ಅಲ್ಲ, ಅಭ್ಯಾಸ ಆಗುತ್ತದೆ. ಪದೇ ಪದೇ ಬರುವ ಆಣಿಗೆ ಬೆರಳಿನ ಸ್ನಾಯುರಜ್ಜು ಕತ್ತರಿಸಿ ಮೆತ್ತೆಯ ಮೇಲಿನ ಒತ್ತಡ ತಗ್ಗಿಸುವ ಶಸ್ತ್ರಚಿಕಿತ್ಸೆಯೂ ಇದೆ.

ಒಂದಲ್ಲ, ಹಲವು ಪಾದಗಳಲ್ಲಿ ಉಗುರು ಸೀಳಿ ಕಳಚುತ್ತಿದ್ದರೆ ಅದು ಪೆಟ್ಟಲ್ಲ. ಮೈಯ ರೋಗನಿರೋಧಕ ಶಕ್ತಿಯೇ ಉಗುರಿನ ಬುಡದ ಮೇಲೆ ತಿರುಗಿಬೀಳುವ ಕಾಯಿಲೆ ಈ ಜಾತಿಯಲ್ಲಿ ಇದೆ. ವೈದ್ಯರಿಗೆ ತೋರಿಸಿ.

ಕಾಲು, ಬೆನ್ನು

ಪಾದ ಸರಿ ಇದ್ದರೆ ಬೆರಳಿನಿಂದ ಶುರು ಮಾಡಿ ಮೇಲೆ ಮೇಲೆ ಒತ್ತುತ್ತಾ ಹೋಗಿ. ಎಡಕ್ಕೂ ಬಲಕ್ಕೂ ಹೋಲಿಸಿ, ಊತ, ಬಿಸಿ, ಸ್ನಾಯು ಬತ್ತಿರುವುದು ಏನಾದರೂ ಇದೆಯಾ ನೋಡಿ. ಹೊರದೇಶದ ಟ್ರ್ಯಾಕುಗಳಲ್ಲಿ ನಾಯಿಗಳು ಅಪ್ರದಕ್ಷಿಣವಾಗಿ, ಅಂದರೆ ಎಡಕ್ಕೆ ತಿರುಗುತ್ತಾ ಓಡುತ್ತವೆ. ತಿರುವಿನಲ್ಲಿ ಬಲ ಹಿಂಗಾಲಿನ ಹಿಮ್ಮಡಿ ಗಂಟಿನ ಮೇಲೆ ಭಾರ ಬೀಳುತ್ತದೆ, ಅಲ್ಲಿಯ ಸಣ್ಣ ಮೂಳೆಗಳು ಮುರಿಯುತ್ತವೆ. ನಿಮ್ಮ ನಾಯಿ ಅಂಥ ಟ್ರ್ಯಾಕಿನಿಂದ ಬಂದಿದ್ದು ಬಲ ಹಿಮ್ಮಡಿ ದಪ್ಪ ಕಂಡರೆ ಹಳೆಯ ಪೆಟ್ಟು ಇರಬಹುದು. ಮಳೆಗಾಲದಲ್ಲಿ ಅದು ಗಡುಸಾಗುತ್ತದೆ, ಸ್ವಲ್ಪ ನಡೆದ ಮೇಲೆ ಸಡಿಲವಾಗುತ್ತದೆ.

ಸಡಿಲವಾಗದ ಕುಂಟು ಬೇರೆ. ಆರೇಳು ವರ್ಷ ದಾಟಿದ ಗ್ರೇಹೌಂಡ್‌ನಲ್ಲಿ ಪೆಟ್ಟು ಬಿದ್ದ ನೆನಪಿಲ್ಲದೆ ಶುರುವಾಗಿ, ವಾರ ಕಳೆದರೂ ಕಡಿಮೆಯಾಗದ ಕುಂಟು ಇದ್ದರೆ ಎಕ್ಸ್‌ರೇ ಮಾಡಿಸಲು ತಡ ಮಾಡಬೇಡಿ. ಮೂಳೆಯ ಕ್ಯಾನ್ಸರ್ ಈ ಜಾತಿಯಲ್ಲಿ ಜಾಸ್ತಿ. ಭುಜದ ಹತ್ತಿರ, ಮುಂಗಾಲಿನ ಮಣಿಕಟ್ಟಿನ ಮೇಲ್ಭಾಗ, ಹಿಂಗಾಲಿನ ಮೊಣಕಾಲಿನ ಸುತ್ತ ಇದು ಬರುವ ಜಾಗಗಳು. "ಉಳುಕಿದೆ, ಎಣ್ಣೆ ಹಚ್ಚಿ ನೋಡುವ" ಎಂದು ಎರಡು ತಿಂಗಳು ಕಳೆಯುವುದನ್ನು ನಾನು ಒಪ್ಪುವುದಿಲ್ಲ. ಎಕ್ಸ್‌ರೇ ಸೌಕರ್ಯ ಎಲ್ಲ ಕ್ಲಿನಿಕ್‌ಗಳಲ್ಲಿ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಏಳುವಾಗ ಮಾತ್ರ ಕಷ್ಟ, ಕಾರಿಗೆ ನೆಗೆಯಲು ಹಿಂಜರಿಕೆ, ಬಾಲ ಮೇಲೆತ್ತಿದರೆ ತಿರುಗಿ ನೋಡುತ್ತದೆ ಅಂದರೆ ಸೊಂಟದ ಹತ್ತಿರ ನರ ಒತ್ತುತ್ತಿರಬಹುದು. ಇದಕ್ಕೆ ಮದ್ದಿದೆ.

ಮನೆಯ ಡಬ್ಬಿಯಲ್ಲಿರುವ ನೋವಿನ ಮಾತ್ರೆ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ.

ರಕ್ತ: ಉಣ್ಣಿ ಜ್ವರವೇ, ಗ್ರೇಹೌಂಡ್‌ನ ಸಹಜ ಲೆಕ್ಕವೇ?

ಎಲ್ಲ ಕಡೆಯೂ ಒಂದೇ ಥರ ಮಂಕು, ಊಟ ಅರ್ಧ, ಗಂಟುಗಳಲ್ಲಿ ಬಿಗಿತ. ನಮ್ಮ ಊರಿನಲ್ಲಿ ಮೊದಲ ಸಂಶಯ ಉಣ್ಣಿ ಜ್ವರದ ಮೇಲೆ ಹೋಗುವುದು ಸರಿಯೇ. ಕಂದು ಉಣ್ಣಿ ಎರ್ಲಿಕಿಯಾ, ಬೇಬಿಸಿಯಾ ಎಂಬ ಎರಡು ಸೋಂಕುಗಳನ್ನೂ ಹರಡುತ್ತದೆ. ಅದು ನಾಯಿಯ ಮೈಮೇಲೆ ಮಾತ್ರ ಇರುವುದಲ್ಲ, ಗೋಡೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಗಾರೆ ಮಾಡದ ಮುರಕಲ್ಲಿನ ಕಾಂಪೌಂಡು ಗೋಡೆ ಅಂದರೆ ಉಣ್ಣಿಗೆ ತಯಾರು ಮನೆ. ನಾಯಿಗೆ ಎಷ್ಟು ಮದ್ದು ಕೊಟ್ಟರೂ ಆ ತೂತುಗಳನ್ನು ನೋಡದಿದ್ದರೆ ಮತ್ತೆ ಬರುತ್ತದೆ. ಕಿವಿಯ ಒಳಗೆ, ಬೆಲ್ಟಿನ ಅಡಿ, ಬಾಲದ ಬುಡ, ಬೆರಳ ಸಂದು ದಿನಾ ತಡವಿ ನೋಡಿ. ಕೂದಲು ಗಿಡ್ಡ ಇರುವುದರಿಂದ ಎರಡು ನಿಮಿಷದ ಕೆಲಸ. ದನಕ್ಕೆ ಹೊಡೆಯುವ ಉಣ್ಣಿ ಔಷಧವನ್ನು ಈ ತೆಳು ಚರ್ಮಕ್ಕೆ ತಾಗಿಸಬೇಡಿ. ವೈದ್ಯರು ತೂಕ ನೋಡಿ ಕೊಡುವ ಮಾತ್ರೆ ಸಾಕು.

ಎಡವಟ್ಟು ಆಗುವುದು ರಕ್ತದ ವರದಿ ಕೈಗೆ ಬಂದ ಮೇಲೆ. ಲ್ಯಾಬಿನ ಹಾಳೆಯಲ್ಲಿ ಬಲಬದಿಗೆ ಅಚ್ಚು ಹಾಕಿರುವ 'ಸಾಮಾನ್ಯ' ಅಂಕೆಗಳು ಎಲ್ಲ ನಾಯಿಗಳನ್ನು ಸೇರಿಸಿ ಮಾಡಿದ್ದು. ಗ್ರೇಹೌಂಡ್ ಅದರೊಳಗೆ ಕೂರುವುದಿಲ್ಲ.

ಪ್ಲೇಟ್‌ಲೆಟ್ ತೆಗೆದುಕೊಳ್ಳಿ. ಬೇರೆ ನಾಯಿಗಳಲ್ಲಿ ಎರಡರಿಂದ ಐದು ಲಕ್ಷ. ಆರೋಗ್ಯವಂತ ಗ್ರೇಹೌಂಡ್‌ನಲ್ಲಿ ಒಂದೂವರೆ ಲಕ್ಷದ ಆಸುಪಾಸು ಇರುವುದು ಮಾಮೂಲು. ಉಣ್ಣಿ ಜ್ವರದ ದೊಡ್ಡ ಗುರುತೂ ಪ್ಲೇಟ್‌ಲೆಟ್ ಇಳಿಯುವುದೇ. ಹಾಳೆಯಲ್ಲಿ 1,40,000 ಎಂದು ದಪ್ಪಕ್ಷರದಲ್ಲಿ ಕಂಡ ಕೂಡಲೇ ಮಾತ್ರೆ ಶುರುವಾಗುತ್ತದೆ, ಅಸಲಿ ಕಾರಣವಾದ ಆಣಿ ಪಾದದಲ್ಲೇ ಉಳಿಯುತ್ತದೆ. ಇದೇ ಅಂಕೆ 40,000ಕ್ಕೆ ಇಳಿದಿದ್ದರೆ ಅದು ಗ್ರೇಹೌಂಡ್‌ಗೂ ಕಾಯಿಲೆಯೇ, ತಡ ಮಾಡಬಾರದು.

ಇನ್ನೊಂದು ಇದರ ತಿರುಗುಮುರುಗು. ರಕ್ತದಲ್ಲಿ ಕೆಂಪುಕಣಗಳ ಪಾಲು, ವರದಿಯಲ್ಲಿ ಪಿಸಿವಿ ಎಂದು ಬರೆದಿರುತ್ತದೆ, ಬೇರೆ ನಾಯಿಗಳಲ್ಲಿ ಸುಮಾರು 37ರಿಂದ 55. ಓಡಲೆಂದೇ ಬೆಳೆಸಿದ ಈ ಜಾತಿಯಲ್ಲಿ 50ರಿಂದ 65. ಹಾಗಾಗಿ 39 ಬಂದಿದ್ದರೆ ಹಾಳೆ 'ಸಾಮಾನ್ಯ' ಅನ್ನುತ್ತದೆ, ಗ್ರೇಹೌಂಡ್‌ಗೆ ಅದು ರಕ್ತಹೀನತೆ. ಬೇಬಿಸಿಯಾ ಕೆಂಪುಕಣಗಳನ್ನೇ ಒಡೆಯುವ ಕಾಯಿಲೆ. ಅಂದರೆ ನಾವು ಹೆದರಬೇಕಾದ ಅಂಕೆ ಸುಮ್ಮನಿರುತ್ತದೆ, ಹೆದರಬೇಕಾಗಿಲ್ಲದ ಅಂಕೆ ಬೊಬ್ಬೆ ಹೊಡೆಯುತ್ತದೆ.

ಬಿಳಿಕಣ ಸ್ವಲ್ಪ ಕಡಿಮೆ, ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ, ಥೈರಾಯ್ಡ್‌ನ ಟಿ4 ಕಡಿಮೆ. ಇವು ಮೂರೂ ಜಾತಿಗುಣ. ಕ್ರಿಯಾಟಿನಿನ್ ಏರುವುದು ಸ್ನಾಯು ಜಾಸ್ತಿ ಇರುವುದರಿಂದ. ಅದೊಂದನ್ನೇ ಹಿಡಿದು ಕಿಡ್ನಿ ಆಹಾರಕ್ಕೆ ಬದಲಾಯಿಸಬೇಡಿ, ಟಿ4 ಒಂದನ್ನೇ ನೋಡಿ ಥೈರಾಯ್ಡ್ ಮಾತ್ರೆಯನ್ನೂ ಶುರು ಮಾಡಬೇಡಿ. ಎದೆಯಲ್ಲಿ ಮೆಲ್ಲಗೆ ಮರ್ಮರ ಸದ್ದು ಕೇಳುವುದೂ ದೊಡ್ಡ ಹೃದಯದ ಈ ನಾಯಿಯಲ್ಲಿ ಹೊಸತಲ್ಲ. ರಕ್ತದ ಪ್ರೋಟೀನು ಗ್ಲೋಬ್ಯುಲಿನ್ ಮಾತ್ರ ಉಪಯೋಗದ ಅಂಕೆ. ಗ್ರೇಹೌಂಡ್‌ನಲ್ಲಿ ಅದು ಸಹಜವಾಗಿ ಕಡಿಮೆ ಇರುತ್ತದೆ, ಹಳೆಯ ಎರ್ಲಿಕಿಯಾ ಇದ್ದರೆ ಏರುತ್ತದೆ. ಪ್ಲೇಟ್‌ಲೆಟ್ ಕಡಿಮೆ, ಗ್ಲೋಬ್ಯುಲಿನ್ ಜಾಸ್ತಿ ಎರಡೂ ಒಟ್ಟಿಗೆ ಬಂದರೆ ನನ್ನ ಸಂಶಯ ಉಣ್ಣಿಯ ಕಡೆಗೇ ಹೋಗುತ್ತದೆ.

ಹತ್ತು ನಿಮಿಷದ ಕಿಟ್ ಪರೀಕ್ಷೆ ತೋರಿಸುವುದು ಪ್ರತಿಕಾಯ. ಹಿಂದೆ ಎಂದೋ ಸೋಂಕು ತಗಲಿ ಹೋಗಿದ್ದರೂ ಗೆರೆ ಮೂಡುತ್ತದೆ. ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಆಗುವುದಾದರೆ ಪಿಸಿಆರ್ ಮಾಡಿಸುವುದು ಒಳ್ಳೆಯದು. ಎರ್ಲಿಕಿಯಾ ಖಚಿತವಾದರೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ. ನಾಲ್ಕು ದಿನಕ್ಕೆ ನಾಯಿ ಎದ್ದು ಕುಣಿಯಿತೆಂದು ನಿಲ್ಲಿಸಬೇಡಿ. ಊಟದ ಜೊತೆ ಕೊಡಿ, ಖಾಲಿ ಹೊಟ್ಟೆಗೆ ಕೊಟ್ಟರೆ ಕಕ್ಕುತ್ತದೆ.

ಈ ಎಲ್ಲ ಗೊಂದಲಕ್ಕೆ ಒಂದೇ ಮದ್ದು. ನಾಯಿ ಚೆನ್ನಾಗಿರುವಾಗಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಹಾಳೆ ಇಟ್ಟುಕೊಳ್ಳಿ. ಮುಂದೆ ಹೋಲಿಸಬೇಕಾದ್ದು ಲ್ಯಾಬಿನ ಅಚ್ಚಿನ ಅಂಕೆಯ ಜೊತೆಗಲ್ಲ, ನಿಮ್ಮ ನಾಯಿಯ ಹಳೆಯ ಅಂಕೆಯ ಜೊತೆ.

ಹೆದರಿಕೆ

ಮೈ ಸರಿ ಇದೆ, ನೆಲ ಸರಿ ಇದೆ, ಆದರೂ ಗೇಟಿನ ಹೊರಗೆ ಕಂಬ. ಹೊಸತಾಗಿ ಬಂದ ಗ್ರೇಹೌಂಡ್ ನಿಂತುಬಿಡುವುದು ತೀರಾ ಸಾಮಾನ್ಯ. ಬೇರೆ ನಾಯಿ ಹೆದರಿದರೆ ಬೊಗಳುತ್ತದೆ, ಓಡುತ್ತದೆ. ಇದು ಮರಗಟ್ಟುತ್ತದೆ. ಅದಕ್ಕೆ ಗೊತ್ತಿದ್ದ ಲೋಕದಲ್ಲಿ ಬಸ್ಸಿನ ಹಾರ್ನು, ಬೀದಿ ನಾಯಿಗಳ ಗುಂಪು, ಮೀನಿನ ಗಾಡಿಯ ಕೂಗು ಯಾವುದೂ ಇರಲಿಲ್ಲ. ಜಾತ್ರೆಯ ಗರ್ನಾಲು, ನವರಾತ್ರಿ ಮತ್ತು ಅಷ್ಟಮಿಯ ಹುಲಿವೇಷದ ತಾಸೆ, ರಾತ್ರಿ ಆಟದ ಚೆಂಡೆ ಇನ್ನೂ ದೂರದ ಮಾತು.

ಎಳೆಯಬೇಡಿ. ಎಳೆದಷ್ಟೂ ಕಾಲು ಊರುತ್ತದೆ. ಹಗ್ಗ ಸಡಿಲ ಬಿಟ್ಟು ಪಕ್ಕದಲ್ಲಿ ನಿಂತು ಕಾಯಿರಿ. ಆಮೇಲೆ ನೇರ ಮುಂದೆ ಹೋಗದೆ ಬದಿಗೆ ಅರ್ಧ ಸುತ್ತು ತಿರುಗಿಸಿ. ಒಂದು ಕಾಲು ಎತ್ತಿದರೆ ಉಳಿದವೂ ಬರುತ್ತವೆ. ಮೊದಲ ವಾರಗಳಲ್ಲಿ ಒಂದೇ ದಾರಿ, ಒಂದೇ ಹೊತ್ತು, ರಸ್ತೆ ಖಾಲಿ ಇರುವಾಗ. ಕದ್ರಿ ಪಾರ್ಕಿನ ಸುತ್ತ ಬೆಳಿಗ್ಗೆ ಜನ ಸೇರುವ ಮೊದಲು ಒಂದು ಹದ ಇರುತ್ತದೆ, ಮಣಿಪಾಲದ ಒಳ ರಸ್ತೆಗಳೂ ಆಗುತ್ತವೆ. ದೂರ ಹೋಗಬೇಕೆಂಬ ಹಟ ಬೇಡ, ದಿನಕ್ಕೆ ಎರಡು ಸಲ ಇಪ್ಪತ್ತು ಇಪ್ಪತ್ತೈದು ನಿಮಿಷ ಸಾಕಾಗುವ ಜಾತಿ ಇದು. ಉಳಿದ ಹೊತ್ತು ಮಲಗುವುದೇ ಅದರ ಕೆಲಸ, ಅದನ್ನು ಮಂಕು ಎಂದುಕೊಳ್ಳಬೇಡಿ.

ಹೆದರಿದ ಗ್ರೇಹೌಂಡ್ ಹಿಂದಕ್ಕೆ ಜಗ್ಗಿದರೆ ಮಾಮೂಲು ಬೆಲ್ಟ್ ತಲೆಯ ಮೇಲಿಂದ ಜಾರಿ ಬರುತ್ತದೆ, ಏಕೆಂದರೆ ಇದರ ತಲೆ ಕುತ್ತಿಗೆಗಿಂತ ಸಪೂರ. ಜಗ್ಗಿದಾಗ ತಾನೇ ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟ್ ಹಾಕಿ. ಸುತ್ತ ಬೇಲಿ ಇಲ್ಲದ ಬಯಲು ಜಾಗದಲ್ಲಿ, ಬೀಚಿನಲ್ಲೂ, ಹಗ್ಗ ಬಿಚ್ಚಬೇಡಿ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತಲ್ಲ? ಗ್ರೇಹೌಂಡ್ ಅಷ್ಟು ದೂರವನ್ನು ಒಂಬತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಬೆಕ್ಕೋ ಊರ ಕೋಳಿಯೋ ಕಂಡು ಹೊರಟರೆ ನಿಮ್ಮ ಕೂಗು ಅದಕ್ಕೆ ಕೇಳಿಸುವುದಿಲ್ಲ.

ಮಳೆಗೆ ಹೊರಗೆ ಹೋಗುವುದಿಲ್ಲ ಅಂದರೆ ಅದನ್ನು ದೋಷದ ಪಟ್ಟಿಗೆ ಸೇರಿಸಬೇಡಿ. ಮೈಯಲ್ಲಿ ಕೊಬ್ಬಿಲ್ಲ, ಕೂದಲಿಲ್ಲ, ಹನಿ ಬಿದ್ದರೆ ಚಳಿ. ರೇನ್‌ಕೋಟು ಹಾಕಿ, ಮಾಡಿನ ಅಡಿ ಒಂದು ಮೂಲೆಯಲ್ಲಿ ಮೂತ್ರಕ್ಕೆ ಜಾಗ ಮಾಡಿಕೊಡಿ, ಬಂದ ಮೇಲೆ ಬೆರಳ ಸಂದು ಒರೆಸಿ. ನಿಂತ ನೀರು ಕುಡಿಯಲು ಬಿಡಬೇಡಿ, ಇಲಿ ಜ್ವರದ ಲಸಿಕೆ ಮಳೆಗಾಲದ ಮೊದಲೇ ಆಗಿರಲಿ.

ಅರಿವಳಿಕೆ ಬೇಕಾದರೆ

ಹುಡುಕಾಟ ಶಸ್ತ್ರಚಿಕಿತ್ಸೆಯವರೆಗೆ ಹೋದರೆ ಎರಡು ಮಾತು ಮೊದಲೇ ಹೇಳಿ. ಒಂದು, ಥಯೋಪೆಂಟೋನ್ ಬೇಡ. ಗ್ರೇಹೌಂಡ್‌ನ ಲಿವರ್ ಅದನ್ನು ಬಹಳ ನಿಧಾನವಾಗಿ ಕರಗಿಸುತ್ತದೆ, ಎಚ್ಚರ ಆಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಬೇರೆ ಔಷಧಗಳಿವೆ. ಎರಡು, ಶಸ್ತ್ರಚಿಕಿತ್ಸೆ ಮುಗಿದು ಒಂದೆರಡು ದಿನ ಕಳೆದ ಮೇಲೆ ರಕ್ತ ಒಸರಲು ಶುರುವಾಗುವುದು ಈ ಜಾತಿಯಲ್ಲಿ ಕಂಡುಬರುತ್ತದೆ. ಅದನ್ನು ತಡೆಯಲು ಟ್ರಾನೆಕ್ಸಾಮಿಕ್ ಆಸಿಡ್ ಕೊಡಬಹುದಾ ಎಂದು ವೈದ್ಯರನ್ನು ಕೇಳಿ. ನಾಲ್ಕು ದಿನದವರೆಗೆ ಹೊಲಿಗೆಯ ಸುತ್ತಲಿನ ಚರ್ಮವನ್ನು ಬೆಳಿಗ್ಗೆ, ಸಂಜೆ ನೋಡಿ. ನೇರಳೆ ಬಣ್ಣದ ಕಲೆ ಹರಡುತ್ತಾ ಹೋದರೆ, ಬ್ಯಾಂಡೇಜು ಮತ್ತೆ ಮತ್ತೆ ಒದ್ದೆಯಾದರೆ, ರಾತ್ರಿಯಾದರೂ ಫೋನ್ ಮಾಡಿ.